ಒಂದು ಎಣಿಕೆ ಜಾಸ್ತಿ

ಭಾನುವಾರ, ಬೆಳಗ್ಗೆ ಆರೂವರೆ. ಮನೆಯಲ್ಲಿ ಇನ್ನೂ ಯಾರೂ ಎದ್ದಿಲ್ಲ. ಫಿಲ್ಟರ್‌ನಲ್ಲಿ ಡಿಕಾಕ್ಷನ್ ಇಳಿಯುತ್ತಿದೆ, ಒಲೆ ಮೇಲೆ ಹಾಲಿದೆ, ನನ್ನ ಕಿವಿಗೆ ಹೆಡ್‌ಫೋನ್. ಬೆರಳು ಮಡಚುತ್ತಾ ಕೂತಿದ್ದೇನೆ, ಕಾಣಿಸ್ತಾ? ತಾಳ ಹಾಕುತ್ತಿದ್ದೇನೆ.

ಛೆ, ಮತ್ತೆ ತಪ್ಪಿತು. ನಾನು ಎಂಟಕ್ಕೆ ನಿಲ್ಲಿಸಿದೆ, ಹಾಡು ಒಂಬತ್ತಕ್ಕೆ ನಿಂತಿತು.

ಆಲ್ಬಂ ಹೆಸರು ‘ನೇಟಿವ್ ಡ್ಯಾನ್ಸರ್’. 1975ರದ್ದು. ಸ್ಯಾಕ್ಸೊಫೋನ್ ಅಮೆರಿಕದ ಜಾಝ್ ಸಂಗೀತಗಾರ ವೇಯ್ನ್ ಶಾರ್ಟರ್, ಹಾಡಿರುವುದು ಬ್ರೆಜಿಲ್‌ನ ಮಿಲ್ಟನ್ ನಾಸಿಮೆಂಟೊ. ಪಿಯಾನೋಗೆ ಹರ್ಬಿ ಹ್ಯಾನ್‌ಕಾಕ್, ತಾಳವಾದ್ಯಕ್ಕೆ ಐರ್ಟೊ ಮೊರೇರಾ.

ಈಗ ಕೇಳುತ್ತಿರುವುದು ಮೊದಲ ಹಾಡು, ‘ಪೊಂಟಾ ಡಿ ಅರೇಯಾ’. ಒಂಬತ್ತು ಎಣಿಕೆ. ಸಂಗೀತ ಪಾಠಕ್ಕೆ ಹೋದವರಿಗೆ ಸಂಕೀರ್ಣ ಜಾತಿ ನೆನಪಾಗುತ್ತೆ, ಅಲ್ವಾ? ಆದರೆ ಇಲ್ಲಿ ಲೆಕ್ಕದ ಕಸರತ್ತು ಕೇಳಿಸುವುದೇ ಇಲ್ಲ. ಮಗು ಸುಮ್ನೆ ಗುನುಗಿದ ಹಾಗಿದೆ. ಬೆರಳು ಮಡಚಿದಾಗಲೇ ಗೊತ್ತಾಗುವುದು, ಒಂದು ಜಾಸ್ತಿ ಇದೆ ಅಂತ.

ಅದು ನಿಂತುಹೋದ ರೈಲಿನ ಹಾಡು. ಬ್ರೆಜಿಲ್‌ನ ಮಿನಾಸ್ ರಾಜ್ಯದ ಒಳನಾಡಿನಿಂದ ಪಕ್ಕದ ಬಾಹಿಯಾ ರಾಜ್ಯದ ಕಡಲ ತೀರಕ್ಕೆ ಒಂದು ರೈಲು ಓಡುತ್ತಿತ್ತು. ಪೊಂಟಾ ಡಿ ಅರೇಯಾ ಅದರ ಕೊನೆಯ ಸ್ಟೇಷನ್. 1966ರಲ್ಲಿ ಆ ದಾರಿ ಮುಚ್ಚಿತು. ಫೆರ್ನಾಂಡೊ ಬ್ರಾಂಟ್ ಬರೆದ ಸಾಹಿತ್ಯದಲ್ಲಿ ಉಳಿದಿರುವುದು ಖಾಲಿ ಚೌಕ, ಯಾರೂ ನೆನೆಯದ ಮನೆಗಳು.

ನನಗೆ ಹಿಡಿಸಿದ್ದು ಶಾರ್ಟರ್ ಕಾಯುವ ರೀತಿ. ಆಗ ಅವರು ವೆದರ್ ರಿಪೋರ್ಟ್ ಅನ್ನೋ ಫ್ಯೂಷನ್ (ಜಾಝ್‌ಗೆ ರಾಕ್ ಬೆರೆಸಿದ ಸಂಗೀತ) ಬ್ಯಾಂಡಿನಲ್ಲಿದ್ದರು, ದೊಡ್ಡ ಹೆಸರು. ಇದು ಅವರದೇ ಆಲ್ಬಂ. ಆದರೂ ಮೊದಲು ಬರುವುದು ಮಿಲ್ಟನ್ ಅವರ ತೆಳ್ಳನೆ ಮೇಲುದನಿ, ಮಾತೇ ಇಲ್ಲದೆ. ಸೊಪ್ರಾನೊ ಸ್ಯಾಕ್ಸ್ ಆಮೇಲೆ ಮೆಲ್ಲಗೆ ಬಂದು ಪಕ್ಕದಲ್ಲಿ ಕೂರುತ್ತದೆ. ಒಂದು ಕ್ಷಣ ಯಾವುದು ಗಂಟಲು, ಯಾವುದು ಪೀಪಿ ಅಂತಲೇ ತಿಳಿಯುವುದಿಲ್ಲ. ಆಲ್ಬಂನ ಒಂಬತ್ತು ಹಾಡಿನಲ್ಲಿ ಐದು ಮಿಲ್ಟನ್ ಅವರವೇ. ಶಾರ್ಟರ್ ಮೂರು, ಹ್ಯಾನ್‌ಕಾಕ್ ಒಂದು. ನೆಂಟರನ್ನು ಊಟಕ್ಕೆ ಕರೆದು ಅಡುಗೆಮನೆಯನ್ನೇ ಬಿಟ್ಟುಕೊಟ್ಟ ಹಾಗೆ.

ನಮ್ಮ ಕಡೆ ಸ್ಯಾಕ್ಸೊಫೋನ್ ಅಂದರೆ ಕದ್ರಿ ಗೋಪಾಲನಾಥ್, ಇಲ್ಲಾಂದ್ರೆ ಮದುವೆ ಮಂಟಪ. ಆ ಜೋರಿಗೆ ಒಗ್ಗಿದ ಕಿವಿ ನಂದು. ನಿಜ ಹೇಳಬೇಕಂದ್ರೆ, ಮೊದಲ ಸಲ ಇದು ಸಪ್ಪೆ ಅನ್ನಿಸಿತ್ತು. ಈಗಲೂ ಒಂದೆರಡು ಕಡೆ ಕೀಬೋರ್ಡಿನ ದನಿಗೆ ವಯಸ್ಸಾಗಿದೆ ಅನ್ನಿಸುತ್ತೆ. ಫ್ಯೂಷನ್ನಿನ ಬಿಸಿಯೇ ಬೇಕು ಅನ್ನುವವರು ಇದೇ ಆಲ್ಬಂನ ‘ಮಿರಾಕಲ್ ಆಫ್ ದ ಫಿಶಸ್’ ಹಾಡಿಗೆ ನೇರವಾಗಿ ಹೋಗಿ. ಶಾರ್ಟರ್ ತಮ್ಮ ಹೆಂಡತಿಯ ಹೆಸರಿಟ್ಟ ‘ಅನಾ ಮರಿಯಾ’ ಸಂಜೆಗಿರಲಿ.

ತಡೀರಿ, ಇನ್ನೊಂದು ಸಲ ಎಣಿಸ್ತೀನಿ. ಆರು, ಏಳು, ಎಂಟು...

ಅಯ್ಯೋ, ಹಾಲು ಉಕ್ಕಿತು.