ಹುಲ್ಲುಹಲ್ಲಿಯನ್ನು ಹೊಟ್ಟೆಯ ಕಡೆಯಿಂದ ನೋಡಿ

(ಮೈಸೂರಿನಲ್ಲಿ ಹವ್ಯಾಸಿ ಪ್ರಕೃತಿ ವೀಕ್ಷಕರ ಮುಂದೆ ಮಾಡಿದ ಉಪನ್ಯಾಸದ ಬರಹರೂಪ)

ಸ್ನೇಹಿತರೇ, ನಮಸ್ಕಾರ. ಭಾನುವಾರದ ಸಂಜೆ, ಅದೂ ಇಂಥ ಸೆಕೆಯಲ್ಲಿ, ಹಲ್ಲಿಯ ಮಾತು ಕೇಳಲು ಇಷ್ಟು ಜನ ಬಂದಿದ್ದೀರಿ. ಹಲ್ಲಿಗೆ ನಮ್ಮಲ್ಲಿ ಮರ್ಯಾದೆ ಇಲ್ಲವೆನ್ನುವಂತಿಲ್ಲ. ಮೈಮೇಲೆ ಎಲ್ಲಿ ಬಿದ್ದರೆ ಏನು ಫಲ ಎಂದು ಪಂಚಾಂಗದಲ್ಲಿ ಜಾಗ ಮೀಸಲಿದೆ. ಬಿದ್ದದ್ದು ಯಾವ ಹಲ್ಲಿ ಎಂದು ಮಾತ್ರ ಯಾರೂ ಕೇಳುವುದಿಲ್ಲ. ಇವತ್ತು ನಾವು ಕೇಳಬೇಕಾಗಿರುವುದು ಅದನ್ನೇ.

ವಿಷಯ ಏಷ್ಯಾದ ಹುಲ್ಲುಹಲ್ಲಿಗಳು. ಕುಲದ ಹೆಸರು ಟ್ಯಾಕಿಡ್ರೋಮಸ್. ಫ್ರಾನ್ಸಿನ ಡೋಡಾನ್ 1802ರಲ್ಲಿ ಈ ಕುಲವನ್ನು ಸ್ಥಾಪಿಸಿದ. ಇಂದು ಇದರಲ್ಲಿ ಇಪ್ಪತ್ತಕ್ಕೂ ಹೆಚ್ಚು ಪ್ರಭೇದಗಳಿವೆ. ರಷ್ಯಾದ ಅಮುರ್ ನದಿಯ ಸೀಮೆಯಿಂದ ಕೊರಿಯಾ, ಜಪಾನ್, ಚೀನಾ, ತೈವಾನ್, ವಿಯೆಟ್ನಾಂ ದಾಟಿ ಜಾವಾವರೆಗೆ ಇವುಗಳ ಹರವು. ಲ್ಯಾಸರ್ಟಿಡೇ ಕುಟುಂಬದಲ್ಲಿ ಇವುಗಳಿಗೆ ಹತ್ತಿರದ ನೆಂಟರೆಲ್ಲ ಹೆಚ್ಚಾಗಿ ಯುರೋಪಿನ ಕಡೆಯವು. ಆ ಬಳಗದಲ್ಲಿ ಪೂರ್ವ ಏಷ್ಯಾದಲ್ಲಿ ಇಷ್ಟೊಂದು ಪ್ರಭೇದಗಳಾಗಿ ಕವಲೊಡೆದಿರುವ ಕುಲ ಇದೊಂದೇ.

ಈ ಪ್ರಾಣಿಯನ್ನು ನೋಡಿದವರು ಮೊದಲು ಹೇಳುವುದು ಬಾಲದ ಮಾತನ್ನೇ. ಡೋಡಾನ್ ವಿವರಿಸಿದ ಸೆಕ್ಸ್‌ಲಿನಿಯೇಟಸ್ ಪ್ರಭೇದದಲ್ಲಿ ಮೂತಿಯಿಂದ ಗುದದವರೆಗಿನ ಮೈ ಐದಾರು ಸೆಂಟಿಮೀಟರ್ ಇದ್ದರೆ ಬಾಲ ಅದರ ಮೂರು ಪಟ್ಟಿಗೂ ಮೀರುತ್ತದೆ. ಎತ್ತರದ ಹುಲ್ಲಿನಲ್ಲಿ ಮೈಭಾರ ಒಂದೇ ಎಸಳಿನ ಮೇಲೆ ಬೀಳದಂತೆ ಹಂಚುವುದು, ಬೇಕಾದಾಗ ಕಡ್ಡಿಗೆ ಸುತ್ತಿಕೊಂಡು ಆಧಾರ ಕೊಡುವುದು ಈ ಬಾಲದ ಕೆಲಸ. ಆದರೆ ಗುರುತಿಸಲು ಬಾಲವನ್ನು ನೆಚ್ಚಿಕೊಳ್ಳಬೇಡಿ. ಅದು ಕಳಚುತ್ತದೆ, ಮತ್ತೆ ಬೆಳೆಯುತ್ತದೆ, ಬೆಳೆದದ್ದು ಮೊದಲಿನಷ್ಟು ಉದ್ದವಿರುವುದಿಲ್ಲ.

ಬಣ್ಣವನ್ನೂ ನಂಬಬೇಡಿ. ಗಂಡು, ಹೆಣ್ಣು, ಮರಿ ಬೇರೆ ಬೇರೆಯಾಗಿ ಕಾಣುತ್ತವೆ. ಒಂದೇ ಗಂಡು ಬೆದೆಯ ಕಾಲದಲ್ಲಿ ಒಂದು ಥರ, ಉಳಿದಂತೆ ಇನ್ನೊಂದು ಥರ. ಹಾಗಾದರೆ ನೋಡಬೇಕಾದದ್ದು ಏನನ್ನು?

ಬೆನ್ನಿನಿಂದ ಆರಂಭಿಸೋಣ. ಟ್ಯಾಕಿಡ್ರೋಮಸ್‌ನ ಬೆನ್ನಿನ ಹುರುಪೆಗಳು ದೊಡ್ಡವು, ಪ್ರತಿಯೊಂದರ ನಡುವೆ ಎದ್ದು ಕಾಣುವ ಏಣು, ಅಂದರೆ ಉಬ್ಬುಗೆರೆ, ಅವು ಉದ್ದುದ್ದ ಸಾಲಾಗಿ ಕೂತಿರುತ್ತವೆ. ಪಕ್ಕೆಗೆ ಬಂದೊಡನೆ ಚಿತ್ರ ಬದಲಾಗಿ, ಅಲ್ಲಿ ಸಣ್ಣ ಹರಳಿನಂಥ ಹುರುಪೆಗಳು. ಹೊಟ್ಟೆಯ ಹುರುಪೆಗಳಿಗೂ ಏಣು ಇರುತ್ತದೆ, ಕೆಲವು ಪ್ರಭೇದಗಳಲ್ಲಿ ಎಲ್ಲಕ್ಕೂ, ಕೆಲವದರಲ್ಲಿ ಅಂಚಿನ ಸಾಲಿಗೆ ಮಾತ್ರ. ಇಷ್ಟು ಕಂಡರೆ ಕುಲ ಖಚಿತ. ಪ್ರಭೇದಕ್ಕೆ ಹೋಗಬೇಕೆಂದರೆ ಪ್ರಾಣಿಯನ್ನು ಮಗುಚಿ ಎರಡು ಜಾಗ ನೋಡಬೇಕು. ಒಂದು ಗದ್ದದ ಕೆಳಗಿನ ಫಲಕಗಳು. ಸೆಕ್ಸ್‌ಲಿನಿಯೇಟಸ್‌ಗೆ ಮೂರು ಜೊತೆ, ಇತರ ಹಲವಕ್ಕೆ ನಾಲ್ಕು ಜೊತೆ. ಇನ್ನೊಂದು ತೊಡೆಸಂದಿನ ರಂಧ್ರಗಳು. ಸೂಜಿಯಿಂದ ಚುಚ್ಚಿ ಮೇಣ ತುಂಬಿದ ಹಾಗೆ ಕಾಣುವ ಚುಕ್ಕಿಗಳವು. ಅಲ್ಲಿಂದ ಒಸರುವ ಅಂಟಿನಿಂದ ಹಲ್ಲಿಗಳು ಪರಸ್ಪರ ವಾಸನೆಯ ಸುದ್ದಿ ಬಿಡುತ್ತವೆ. ಸೆಕ್ಸ್‌ಲಿನಿಯೇಟಸ್‌ಗೆ ಪಕ್ಕಕ್ಕೆ ಒಂದೇ ರಂಧ್ರ. ಜಪಾನಿನ ಮುಖ್ಯ ದ್ವೀಪಗಳ ಟ್ಯಾಕಿಡ್ರೋಮಾಯ್ಡಿಸ್‌ಗೆ ಎರಡು. ಅಮುರ್ ಸೀಮೆಯದಕ್ಕೆ ಇನ್ನೂ ಹೆಚ್ಚು. ಭೂತಗನ್ನಡಿ ಹಿಡಿದು ಮೂರೋ ನಾಲ್ಕೋ ಎಂದು ಎಣಿಸುವುದು ಬೇಸರದ ಕೆಲಸವೆಂದು ಹೇಳುವವರಿದ್ದಾರೆ. ನನಗೆ ಇದಕ್ಕಿಂತ ಖುಷಿ ಕೊಡುವ ಎಣಿಕೆ ಇನ್ನೊಂದಿಲ್ಲ.

ಎಣಿಕೆಯೂ ಕೈಕೊಡುವ ಜಾಗವಿದೆ, ಅದು ತೈವಾನ್. ಅಲ್ಲಿ ಫಾರ್ಮೊಸಾನಸ್ ಎಂಬ ಒಂದೇ ಹೆಸರಿನಡಿ ಬಹುಕಾಲ ಇದ್ದ ಹಲ್ಲಿಗಳಿಂದ 2008ರಲ್ಲಿ ಇಬ್ಬರು ಸಂಶೋಧಕರು, ಲೂ ಮತ್ತು ಲಿನ್, ಎರಡು ಹೊಸ ಪ್ರಭೇದಗಳನ್ನು ಬೇರ್ಪಡಿಸಿದರು: ಉತ್ತರದ ವಿರಿಡಿಪಂಕ್ಟೇಟಸ್, ಆಗ್ನೇಯದ ಲೂಯೇನಸ್. ವಿರಿಡಿಪಂಕ್ಟೇಟಸ್ ಗಂಡಿನ ಪಕ್ಕೆಯ ಮೇಲೆ ಬೆದೆಯ ಕಾಲದಲ್ಲಿ ಹಸಿರು ಚುಕ್ಕಿಗಳು ಮೂಡುತ್ತವೆ. ಋತು ಮುಗಿದ ಮೇಲೆ ಬಂದವನಿಗೆ ಅವು ಸಿಗುವುದಿಲ್ಲ. ಇಂಥ ಕಡೆ ಪ್ರಾಣಿ ಎಲ್ಲಿ ಸಿಕ್ಕಿತು ಎಂಬುದೇ ಅರ್ಧ ಉತ್ತರ. ಸಾಕುಪ್ರಾಣಿಗಳ ವ್ಯಾಪಾರದಲ್ಲಿ ಹುಲ್ಲುಹಲ್ಲಿಗಳು ಮಾರಾಟವಾಗುತ್ತವೆ. ಊರು ಕೇರಿ ಗೊತ್ತಿಲ್ಲದೆ ಗಾಜಿನ ಪೆಟ್ಟಿಗೆ ಸೇರಿದ ಹಲ್ಲಿ ವರ್ಗೀಕರಣದ ಮಟ್ಟಿಗೆ ಅನಾಥ.

ಜಪಾನಿನ ಮಿಯಾಕೊ ದ್ವೀಪಗಳ ಹಸಿರು ಹುಲ್ಲುಹಲ್ಲಿಯದೂ ಇಂಥದೇ ಕಥೆ. ಅದನ್ನು ಪಕ್ಕದ ದ್ವೀಪಗಳ ಸ್ಮರಾಗ್ಡಿನಸ್ ಎಂದೇ ಎಣಿಸುತ್ತಿದ್ದರು. 1996ರಲ್ಲಿ ತಕೇಡಾ ಮತ್ತು ಓಟಾ ಅದಕ್ಕೆ ಟೋಯಮಾಯ್ ಎಂದು ಬೇರೆ ಹೆಸರಿಟ್ಟರು. ಹೆಸರು ಬಂದ ಮೇಲೆ ಆತಂಕವೂ ಬಂತು, ಏಕೆಂದರೆ ಆ ಸಣ್ಣ ದ್ವೀಪಸಮೂಹ ಬಿಟ್ಟರೆ ಅದು ಇನ್ನೆಲ್ಲೂ ಇಲ್ಲ. ಹೊರಗಿನಿಂದ ತಂದುಬಿಟ್ಟ, ಮುಂಗುಸಿಯಂತೆ ಕಾಣುವ ವೀಸಲ್‌ಗಳು ಅದನ್ನು ತಿನ್ನುತ್ತವೆ. ಇನ್ನೊಂದು ಶತ್ರು ಯಾರು ಗೊತ್ತೆ? ನವಿಲು! ಮಂಡ್ಯದ ಹೊಲಗಳಲ್ಲಿ ಬೆಳೆ ಹಾಳುಮಾಡುತ್ತದೆ ಎಂದು ರೈತರು ಶಪಿಸುವ ನಮ್ಮದೇ ನವಿಲು ಅಲ್ಲಿ ಪರದೇಶಿ, ಕಾಡುಹಕ್ಕಿಯಾಗಿ ನೆಲೆಸಿ ಹಲ್ಲಿಗಳನ್ನು ಹೆಕ್ಕುತ್ತದೆ.

ಭಾರತದಲ್ಲಿ ಟ್ಯಾಕಿಡ್ರೋಮಸ್ ಈಶಾನ್ಯಕ್ಕೆ ಸೀಮಿತ. ಸಿಕ್ಕಿಮೆನ್ಸಿಸ್ ಅನ್ನು 1888ರಲ್ಲಿ ಗುಂಥರ್, ಖಾಸಿಯೆನ್ಸಿಸ್ ಅನ್ನು 1917ರಲ್ಲಿ ಬೂಲೆಂಜರ್ ವಿವರಿಸಿದರು. ಅಸ್ಸಾಮಿನ ಗೋಲ್ಪಾರದಿಂದ ಹಾಟನಿಯಾನಸ್ ಅನ್ನು 1870ರಲ್ಲಿ ವಿವರಿಸಿದವನು ವೈದ್ಯನೂ ಹಕ್ಕಿಗಳ ಪಂಡಿತನೂ ಆಗಿದ್ದ ಜೆರ್ಡನ್. ನೀವು ಚಾಮುಂಡಿಬೆಟ್ಟದ ತಪ್ಪಲಿನಲ್ಲಿ ತೆಗೆದ ಚಿತ್ರಕ್ಕೆ ಮೊಬೈಲ್ ಆ್ಯಪ್ ಟ್ಯಾಕಿಡ್ರೋಮಸ್ ಎಂದು ಉತ್ತರ ಕೊಟ್ಟರೆ ನಕ್ಕು ಮುಂದೆ ಹೋಗಿ.

ಆದರೆ ಅದೇ ಕುಟುಂಬದ ಬೇರೆ ಕವಲು ನಮ್ಮ ಕಾಲಡಿಯಲ್ಲೇ ಇದೆ: ಓಫಿಸಾಪ್ಸ್, ಹಾವುಗಣ್ಣಿನ ಹಲ್ಲಿಗಳು. ಬಯಲು, ಕುರುಚಲು, ಒಣ ಹುಲ್ಲು ಇವುಗಳ ಸೀಮೆ. ಇದೇ ಕುಲದ ಎಲಿಗನ್ಸ್ ಟರ್ಕಿ, ಗ್ರೀಸ್ ಕಡೆ ಇದೆ. ನಮ್ಮಲ್ಲಿ ಇದು ಕಣ್ಣಿಗೆ ಬೀಳದಿರಲು ಕಾರಣ ಸರಳ. ಕಂದು ಮೈ, ಪಕ್ಕೆಯಲ್ಲಿ ಕಪ್ಪು ಪಟ್ಟಿ, ಅದರ ಅಂಚಿಗೆ ತೆಳುಬಣ್ಣದ ಗೆರೆ ಕಂಡೊಡನೆ ಹಾವುರಾಣಿ ಎಂದು ಹೇಳಿ ಮುಗಿಸುತ್ತೇವೆ. ಹಾವುರಾಣಿಗೂ ಅಂಥದೇ ಪಟ್ಟಿ ಇದೆ, ನಿಜ. ಆದರೆ ಹಾವುರಾಣಿಯ ಮೈ ಮಿರಿಮಿರಿ ಹೊಳೆಯುತ್ತದೆ, ಬೆನ್ನಿನಿಂದ ಹೊಟ್ಟೆಯವರೆಗೆ ಹುರುಪೆಗಳು ಹೆಚ್ಚುಕಡಿಮೆ ಒಂದೇ ಗಾತ್ರ. ಓಫಿಸಾಪ್ಸ್‌ಗೆ ಬೆನ್ನಿನಲ್ಲಿ ಏಣಿರುವ ಸಣ್ಣ ಹುರುಪೆ, ಹೊಟ್ಟೆಯಲ್ಲಿ ನುಣುಪಾದ ಅಗಲ ಫಲಕಗಳು. ತೊಡೆಯ ಕೆಳಗೆ ಟ್ಯಾಕಿಡ್ರೋಮಸ್‌ಗೆ ಸಂದಿನಲ್ಲಿ ಬೆರಳೆಣಿಕೆಯ ರಂಧ್ರಗಳಿದ್ದರೆ, ಇದಕ್ಕೆ ತೊಡೆಯುದ್ದಕ್ಕೂ ಒಂದು ಸಾಲು. ಕಣ್ಣು ಇನ್ನೂ ಸೋಜಿಗ. ಕೆಲವು ಪ್ರಭೇದಗಳಲ್ಲಿ ಕೆಳರೆಪ್ಪೆ ಪಾರದರ್ಶಕವಾಗಿ ಮೇಲಕ್ಕೆ ಬೆಸೆದುಹೋಗಿದೆ, ಹಾವಿನ ಕಣ್ಣಿನ ಹಾಗೆ ಮುಚ್ಚುವುದೇ ಇಲ್ಲ. ಲೆಶೆನಾಲ್ಟಿಯಂಥವುಗಳಲ್ಲಿ ರೆಪ್ಪೆ ಆಡುತ್ತದೆ, ನಡುವೆ ಮಾತ್ರ ಪಾರದರ್ಶಕ ಕಿಟಕಿ. ಇದೊಂದು ವ್ಯತ್ಯಾಸಕ್ಕಾಗಿ ಆಡುವ ರೆಪ್ಪೆಯವನ್ನು ಕ್ಯಾಬ್ರಿಟಾ ಎಂಬ ಬೇರೆ ಕುಲದಲ್ಲಿ ಇಟ್ಟಿದ್ದರು.

ಇಲ್ಲೊಂದು ರಸವತ್ತಾದ ತೊಡಕು. 1870ರಲ್ಲಿ ಜೆರ್ಡನ್ ತನ್ನ ಗೆಳೆಯ ಬೆಡೋಮ್ ಹೆಸರನ್ನು ಒಂದು ಹಲ್ಲಿಗೆ ಇಟ್ಟ. ಅದೇ ವರ್ಷ ಬೆಡೋಮ್ ಒಂದು ಕ್ಯಾಬ್ರಿಟಾಕ್ಕೆ ಜೆರ್ಡನ್ ಹೆಸರಿಟ್ಟು ಲೆಕ್ಕ ಚುಕ್ತಾ ಮಾಡಿದ. ಆದರೆ 1853ರಲ್ಲೇ ಬ್ಲೈತ್ ಒಂದು ಓಫಿಸಾಪ್ಸ್‌ಗೆ ಜೆರ್ಡನ್ ಹೆಸರು ಕೊಟ್ಟಾಗಿತ್ತು. ಬೇರೆ ಬೇರೆ ಕುಲದಲ್ಲಿದ್ದಷ್ಟು ದಿನ ತಕರಾರಿರಲಿಲ್ಲ. 2007ರಲ್ಲಿ ಆರ್ನಲ್ಡ್ ಮತ್ತು ಸಂಗಡಿಗರು ಕ್ಯಾಬ್ರಿಟಾವನ್ನು ಓಫಿಸಾಪ್ಸ್‌ಗೆ ಸೇರಿಸಿದಾಗ ಒಂದೇ ಮನೆಯಲ್ಲಿ ಇಬ್ಬರು ಜೆರ್ಡನ್ ಆದರು. ನಿಯಮದ ಪ್ರಕಾರ ಹಳೆಯದಕ್ಕೆ ಹೆಸರು ಉಳಿಯಿತು, ಬೆಡೋಮ್‌ನ ಹಲ್ಲಿ ನಿಕ್ಟಾನ್ಸ್ ಆಯಿತು. ಹಳೆಯ ಪುಸ್ತಕ ಹಿಡಿದು ಹಲ್ಲಿ ಗುರುತಿಸುವವರು ಇದನ್ನು ನೆನಪಿಡಬೇಕು.

2017ರಲ್ಲಿ ಅಗರ್ವಾಲ್ ಮತ್ತು ರಾಮಕೃಷ್ಣನ್ ಓಫಿಸಾಪ್ಸ್‌ನ ವಂಶಾವಳಿಯನ್ನು ಡಿಎನ್‌ಎ ಆಧಾರದಲ್ಲಿ ಬಿಡಿಸಿದರು. ಭಾರತದ ಹುಲ್ಲುಗಾವಲುಗಳು ಬಹಳ ಹಳೆಯವು ಎಂಬ ವಾದಕ್ಕೆ ಅದು ಬಲ ತಂದಿತು. ಹುಲ್ಲು ಬಯಲು ಎಂದರೆ ಮನುಷ್ಯ ಕಾಡು ಕಡಿದು ಉಳಿಸಿದ ಪಾಳು ಎಂದು ತಿಳಿದು, ಸಸಿ ನೆಟ್ಟು ಉದ್ಧಾರ ಮಾಡಲು ಹೊರಡುವವರಿಗೆ ಈ ಚಿಕ್ಕ ಹಲ್ಲಿ ಅಡ್ಡ ನಿಲ್ಲುತ್ತದೆ. ಮೇಲುಕೋಟೆಯ ಕುರುಚಲನ್ನೂ ಅರಬಿತಿಟ್ಟಿನ ಬಯಲನ್ನೂ ನಾನು ಆ ಕಣ್ಣಿನಿಂದಲೇ ನೋಡುತ್ತೇನೆ.

ಇನ್ನು ನಿಮ್ಮ ಕೆಲಸ. ಹಲ್ಲಿಯನ್ನು ಹಿಡಿಯಬೇಡಿ, ಅಭಯಾರಣ್ಯದಲ್ಲಂತೂ ಅನುಮತಿಯಿಲ್ಲದೆ ಮುಟ್ಟುವಂತೆಯೇ ಇಲ್ಲ. ಮೊದಲ ಚಿತ್ರ ಮೇಲಿನಿಂದ ಬೇಡ. ನೆಲಕ್ಕೆ ಬಗ್ಗಿ ಪಕ್ಕದಿಂದ ತೆಗೆಯಿರಿ: ಕಣ್ಣು, ರೆಪ್ಪೆ, ತುಟಿಯ ಹುರುಪೆಗಳು, ಪಕ್ಕೆ. ಅದು ಕಲ್ಲು ಹತ್ತಿ ಬಿಸಿಲು ಕಾಯುವಾಗ ಹಿಂಗಾಲು ಚಾಚಿದ್ದರೆ ತೊಡೆಯ ಕೆಳಭಾಗವೂ ಅದೃಷ್ಟವಿದ್ದರೆ ಸಿಗುತ್ತದೆ. ಜಾಗ, ದಿನಾಂಕ, ನೆಲದ ಸ್ವರೂಪ ಬರೆದಿಡಿ. ಅಷ್ಟಾದರೂ ಪ್ರಭೇದ ತೀರ್ಮಾನವಾಗದಿದ್ದರೆ ಓಫಿಸಾಪ್ಸ್ ಎಂದಷ್ಟೇ ಬರೆದು ಕೈಬಿಡಿ. ಕುಲದವರೆಗೆ ಸರಿಯಾಗಿರುವ ದಾಖಲೆಯನ್ನು ಮುಂದೆ ಯಾರಾದರೂ ಬಳಸಬಹುದು. ಊಹೆಯ ಪ್ರಭೇದದ ಹೆಸರು ಹೊತ್ತ ದಾಖಲೆಯನ್ನು ಮೊದಲು ಅಳಿಸಬೇಕಾಗುತ್ತದೆ.

ಪರದೆಯ ಮೇಲೆ ಈಗ ಮೂರು ಹೊಟ್ಟೆಗಳಿವೆ. ಹಾವುರಾಣಿ, ಓಫಿಸಾಪ್ಸ್, ಟ್ಯಾಕಿಡ್ರೋಮಸ್, ಯಾವ ಕ್ರಮದಲ್ಲಿ ಎಂದು ನಾನು ಹೇಳುವುದಿಲ್ಲ. ಹಿಂದಿನ ಸಾಲಿನವರು ಮೊದಲು ಉತ್ತರ ಕೊಡಿ.