ಪ್ಲಗ್ ಬದಲಿಸೋಕಿಂತ ಮೊದಲ ಅದರ ಮಾರಿ ನೋಡ್ರಿ

ಕೇಳುಗರೆಲ್ಲರಿಗೂ ನಮಸ್ಕಾರ್ರೀ. ನಾ ಬಾಗಲಕೋಟ್ಯಾಗ ಗ್ಯಾರೇಜ್ ಇಟ್ಟಾಂವ, ಹಳೇ ಪೆಟ್ರೋಲ್ ಗಾಡಿ ಇಟ್ಕೊಂಡವ್ರಿಗೆ ಒಂದ ಮಾತು ಹೇಳಾಕ ಬಂದೀನಿ. ನಿಮ್ಮಪ್ಪನ ಕಾಲದ ಮಾರುತಿ 800 ಇರಲಿ, ಓಮ್ನಿ ಇರಲಿ, ಹಾಲಿನ ಕ್ಯಾನ್ ಹೇರೋ ಸ್ಪ್ಲೆಂಡರ್ ಇರಲಿ, ಗಾಡಿ ಮಿಸ್ ಹೊಡ್ಯಾಕತ್ತಿತಂದ್ರ, ಅಂದ್ರ ನಡುನಡುವ ಝಟಕಾ ಹೊಡ್ಯಾಕತ್ತಿತಂದ್ರ, ಹೊಸಾ ಸ್ಪಾರ್ಕ್ ಪ್ಲಗ್, ಅಂದ್ರ ಸಿಲಿಂಡರ್‌ನ್ಯಾಗ ಪೆಟ್ರೋಲಿಗೆ ಕಿಡಿ ಹಚ್ಚೋ ಪ್ಲಗ್, ತರಾಕ ಓಡಬ್ಯಾಡ್ರಿ. ಹಳೇ ಪ್ಲಗ್ ಬಿಚ್ಚಿ ಅದರ ಮಾರಿ, ಅಂದ್ರ ಕಿಡಿ ಹಾರೋ ತುದಿ ನೋಡ್ರಿ. ಡೀಸೆಲ್ ಗಾಡಿಯವ್ರು ಬೇಕಾದ್ರ ಈಗ ಚಾ ಕುಡದು ಬರ್ರಿ, ನಿಮ್ಮ ಎಂಜಿನ್‌ನ್ಯಾಗ ಸ್ಪಾರ್ಕ್ ಪ್ಲಗ್ ಇರೂದ ಇಲ್ಲ.

ಎಂಜಿನ್ ತಣ್ಣಗಾದ ಮ್ಯಾಲೆ ಬಿಚ್ಚರಿ, ಅದಕ್ಕಿಂತ ಮೊದಲ ಪ್ಲಗ್ ಸುತ್ತಲಿನ ಧೂಳು ಊದಿ ತಗೀರಿ, ಇಲ್ಲಂದ್ರ ಆ ಮಣ್ಣೆಲ್ಲಾ ಸಿಲಿಂಡರ್ ಒಳಗ ಬೀಳತೈತಿ. ಬಿಸಲಾಗ ಹಿಡಿದು ತುದಿ ನೋಡ್ರಿ. ತೆಳು ಕಂದು ಬಣ್ಣ ಇತ್ತಂದ್ರ ಒಳಗ ಎಲ್ಲಾ ಬರಾಬರಿ ಐತಿ, ಆ ಪ್ಲಗ್ ತಂಟೆಕ ಹೋಗಬ್ಯಾಡ್ರಿ. ಒಣಾ ಮಸಿ ಹಿಡಿದಿತ್ತಂದ್ರ ಪೆಟ್ರೋಲ್ ಹೆಚ್ಚು, ಗಾಳಿ ಕಡಿಮಿ ಹೊಂಟೈತಿ, ಅಂದ್ರ ತಣ್ಣನ ಎಂಜಿನ್ ಚಾಲೂ ಮಾಡಾಕ ಗಾಳಿ ಕಡಿಮಿ ಮಾಡೋ ಚೋಕ್ ಸಿಕ್ಕೊಂಡೈತಿ ಇಲ್ಲಾ ಏರ್ ಫಿಲ್ಟರ್ ಕಟ್ಟೈತಿ. ಕಬ್ಬಿನ ಸೀಸನ್‌ನ್ಯಾಗ ಜಮಖಂಡಿ ರೋಡಿನ್ಯಾಗ ಟ್ರ್ಯಾಕ್ಟರ್ ಹಿಂದ ಹಿಂದ ಗಾಡಿ ಹೊಡದವ್ರು ಒಮ್ಮೆ ಫಿಲ್ಟರ್ ಝಾಡಿಸಿ ನೋಡ್ರಿ, ಎಷ್ಟ ಮಣ್ಣು ಬರತೈತಿ ಅಂತ. ಎಣ್ಣಿ ಜಿಡ್ಡು ಇತ್ತಂದ್ರ ಎಂಜಿನ್ ಆಯಿಲ್ ಒಳಗ ಬರದಂಗ ತಡಿಯೋ ಪಿಸ್ಟನ್ ರಿಂಗ್ ಇಲ್ಲಾ ವಾಲ್ವ್ ಸೀಲ್ ಹೋಗೇತಿ, ಅದಕ್ಕ ನೂರು ಪ್ಲಗ್ ಹಾಕಿದ್ರೂ ಉಪಯೋಗಿಲ್ಲ. ಬೆಳ್ಳಗ ಸುಟ್ಟಿತ್ತಂದ್ರ ಪೆಟ್ರೋಲ್ ಸಾಲವಲ್ದು, ಇಲ್ಲಾ ಎಲ್ಲೋ ಪೈಪ್ ಸೀಳಿ ಗಾಳಿ ಎಳ್ಯಾಕತ್ತೇತಿ, ಇಲ್ಲಾ ತಪ್ಪು ನಂಬರಿನ ಪ್ಲಗ್ ಹಾಕೀರಿ.

ಮುಧೋಳ ಕಡೆಯವ್ರು ಒಬ್ರು ರಿಟೈರ್ಡ್ ಮಾಸ್ತರು ಅದಾರ, ಅವ್ರದು ಕಾರ್ಬೋರೇಟರ್, ಅಂದ್ರ ಪೆಟ್ರೋಲ್ ಗಾಳಿ ಕಲಸೋ ಭಾಗ, ಇರೋ ಹಳೇ ಮಾರುತಿ 800. ನಿಂತಾಗ ಎಂಜಿನ್ ಚಲೋನ ನಡೀತೈತಿ, ಲೋಕಾಪುರ ದಾಟಿ ಏರು ಬಂದು ಎಕ್ಸಲೇಟರ್ ಒತ್ತಿದ್ರ ಝಟಕಾ. ಮಾಸ್ತರು ಬಂದವ್ರ "ಮಿಸ್ತ್ರಿ, ಮೂರೂ ಪ್ಲಗ್ ಹೊಸಾವ ಹಾಕ್ಸೇನಪಾ, ಅದೂ ಇರಿಡಿಯಂ, ಆದ್ರೂ ಹಂಗ ಐತಿ" ಅಂದ್ರು. ಹೊಟ್ಟಿನೋವಿಗೆ ಹೊಸಾ ಅಂಗಿ ಹೊಲಿಸಿದಂಗಾತಲ್ರಿ ಮಾಸ್ತರ ಅಂದೆ. ಹಿರ್ಯಾರು, ನಕ್ಕರು. ಇರಿಡಿಯಂ ಪ್ಲಗ್ ಕೆಟ್ಟದ್ದಲ್ಲ ಮತ್ತ, ತುದಿ ಸಣ್ಣದಿರತೈತಿ, ಕಿಡಿ ಸಲೀಸಾಗಿ ಹಾರತೈತಿ, ಬಾಳಕಿನೂ ಬರತೈತಿ, ಆದ್ರ ಬ್ಯಾರೆ ಕಡೆ ಇರೋ ರೋಗ ಅದು ಹೆಂಗ ವಾಸಿ ಮಾಡಬೇಕ್ರಿ? ಬಿಚ್ಚಿ ನೋಡಿದ್ರ ಎರಡು ಪ್ಲಗ್ ಕಂದು, ನಡುವಿಂದು ಮಾತ್ರ ಕರ್ರಗ, ಪೆಟ್ರೋಲ್ ವಾಸನಿ. ನಡುವಿನ ಪ್ಲಗ್ ತಗದು ಮೊದಲನೇ ಸಿಲಿಂಡರಿಗೆ, ಮೊದಲನೇದು ನಡುವ ಹಾಕಿ, ಮಾಸ್ತರನ್ನ ಕೂಡಸ್ಕೊಂಡ ಒಂದ್ ರೌಂಡ್ ಹೊಡದು ಬಂದು ಮತ್ತ ಬಿಚ್ಚಿದೆ. ಈಗೂ ನಡುವಿಂದ ಕರ್ರಗ! ಪ್ಲಗ್ ಬದಲಾತು, ಜಾಗಾ ಬದಲಾಗಲಿಲ್ಲ, ಅಂದ್ರ ಪ್ಲಗ್ ತಪ್ಪಲ್ಲ, ಆ ಸಿಲಿಂಡರಿಗೆ ಕಿಡಿ ಬರೂ ದಾರಿ ತಪ್ಪು, ಕಿಡಿ ಸರಿ ಬರದ ಅಲ್ಲಿ ಪೆಟ್ರೋಲ್ ಪೂರಾ ಸುಡವಲ್ದು. ಕತ್ತಲಾಗೂತನಕ ಕುಂದ್ರಿಸಿದೆ ಮಾಸ್ತರನ್ನ, ಬಾನೆಟ್ ತಗದು ಲೈಟ್ ಆರಿಸಿ ಎಂಜಿನ್ ರೇಸ್ ಮಾಡಿಸಿದ್ರ, ನಡುವಿನ ಪ್ಲಗ್ ವಾಯರಿನಿಂದ ಎಂಜಿನ್ ಬಾಡಿಗೆ ನೀಲಿ ಕಿಡಿ ಚಟಚಟ ಹಾರಾಕತ್ತಿತ್ತು. ಇಲಿ ಕಡದಿತ್ರಿ. ಕಬ್ಬಿನ ಹೊಲದ ಬಾಜೂನ ಶೆಡ್ಡು, ಇಲಿಗೇನ ಬರಾ? ಎಕ್ಸಲೇಟರ್ ಒತ್ತಿದಾಗ ಸಿಲಿಂಡರ್‌ನ್ಯಾಗ ಪ್ರೆಶರ್ ಏರತೈತಿ, ಪ್ಲಗ್ ತುದಿಗೆ ಕಿಡಿ ಹಾರಾಕ ಹೆಚ್ಚು ವೋಲ್ಟೇಜ್ ಬೇಕಾಗತೈತಿ, ಆಗ ಅದು ಸಲೀಸು ದಾರಿ ನೋಡಿ ಕಡದ ಜಾಗಾದಾಗ ಹೊರಗ ಜಿಗೀತೈತಿ, ಅದಕ್ಕ ಏರಿನ್ಯಾಗಷ್ಟ ಝಟಕಾ. ಹೊಸಾ ವಾಯರ್ ಸೆಟ್ ಹಾಕಿದ್ವಿ, ಗಾಡಿ ಸರಿಹೋತು. ಮತ್ತ ಹೇಳತೀನಿ, ಮಾರಿ ನೋಡ್ರಿ. ಚಾಲೂ ಎಂಜಿನ್ನಿನ ಪ್ಲಗ್ ವಾಯರಿಗೆ ಮಾತ್ರ ಬರೀ ಕೈ ಹಚ್ಚಬ್ಯಾಡ್ರಿ, ಹೊಡತ ಜೋರ ಇರತೈತಿ.

ಟೈಮ್ ಆತಂತ ಗಾಜಿನ ಆಚೆಯಿಂದ ಕೈ ಮಾಡಾಕತ್ತಾರ, ಪ್ಲಗ್ ಆರಿಸೂದು ಇನ್ನೂ ಹೇಳೇ ಇಲ್ಲ, ಲಗೂ ಹೇಳತೀನಿ. ಗಾಡಿ ಪುಸ್ತಕದಾಗ ಬರದ ನಂಬರ್ರ ತರ್ರಿ, ಅಂಗಡಿಯಾಂವ "ಇದೂ ನಡೀತೈತಿ ತಗೋರಿ" ಅಂದ್ರ ನಡಿಯೂದಿಲ್ಲ ಅನ್ರಿ. ಹೀಟ್ ನಂಬರ್ ಅಂದ್ರ ಪ್ಲಗ್ ತನ್ನ ಬಿಸಿ ಎಷ್ಟ ಲಗೂ ಬಿಡತೈತಿ ಅನ್ನೋ ನಂಬರ್; ಎನ್‌ಜಿಕೆ ಪ್ಲಗ್‌ನ್ಯಾಗ ಅದು ದೊಡ್ಡದಾದಷ್ಟು ಪ್ಲಗ್ ತಂಪು, ಬಾಷ್‌ನ್ಯಾಗ ಪೂರಾ ಉಲ್ಟಾ, ಹಿಂಗಾಗಿ ಬರೇ ನಂಬರ್ ನೋಡಿ ಕಂಪನಿ ಬದಲಿಸಬ್ಯಾಡ್ರಿ. ಥ್ರೆಡ್ ಉದ್ದ ಹಳೇದರಷ್ಟ ಇರಬೇಕು, ಉದ್ದ ಆದ್ರ ಪಿಸ್ಟನ್ನಿಗೆ ಬಡದು ಎಂಜಿನ್ ಕೆಡತೈತಿ. ಗ್ಯಾಪ್, ಅಂದ್ರ ತುದಿಯಾಗ ಕಿಡಿ ಹಾರೋ ಸಂದು, ಹಳೇ ಗಾಡಿಗೆ ಬಹಳ ಮಾಡಿ 0.6ರಿಂದ 0.8 ಮಿಲಿಮೀಟರ್ ಇರತೈತಿ, ಅದನ್ನೂ ಪುಸ್ತಕದಾಗ ನೋಡಿ ಫೀಲರ್ ಗೇಜಿನಿಂದ, ಅಂದ್ರ ಸಂದು ಅಳಿಯೋ ತೆಳು ಪಟ್ಟಿಗಳಿಂದ, ಅಳೀರಿ, ಅಂದಾಜು ಬ್ಯಾಡ. ಹಾಂ, ಈಗಿನ ಪೆಟ್ರೋಲಿನ್ಯಾಗ 20 ಪರ್ಸೆಂಟ್‌ತನಕ ಎಥೆನಾಲ್ ಇರತೈತಿ, ನಮ್ಮ ಕಬ್ಬಿಂದನೂ ಅದನ್ನ ತಗೀತಾರ, ಆದ್ರ ಹಳೇ ಗಾಡಿ ರಬ್ಬರ್ ಪೈಪ್ ಅದಕ್ಕಂತ ಮಾಡಿದ್ದಲ್ಲ, ಆಗಾಗ ಬಾಗಿಸಿ ನೋಡ್ರಿ, ಸೀಳಿದ್ರ ಬದಲಿಸ್ರಿ.

ಪ್ಲಗ್ ಹಾಕುವಾಗ ಮೊದಲ ಬೆರಳಿನಿಂದನ ಪೂರಾ ತಿರುವ್ರಿ, ಪಾನಾ ಆಮ್ಯಾಲೆ. ವಾಶರ್ ಇರೋ ಹೊಸಾ ಪ್ಲಗ್ಗಿಗೆ ಪಾನಾ ಸುಮಾರು ಅರ್ಧ ಸುತ್ತು ಸಾಕು, ಮೈಯಾಗಿನ ಶಕ್ತಿ ಎಲ್ಲಾ ಹಾಕಿ ಬಿಗೀಬ್ಯಾಡ್ರಿ, ಹೆಡ್ ಅಲ್ಯೂಮಿನಿಯಂದು, ಥ್ರೆಡ್ ಹೋತಂದ್ರ ಪ್ಲಗ್ಗಿನ ರೊಕ್ಕದಾಗ ಮುಗಿಯೂದಲ್ಲ ಅದು. ಬರತೀನ್ರಿ, ನಮಸ್ಕಾರ.