ನಂಬಿದ ಮೇಲೂ ಪಾಪ ಯಾಕೆ ನಿಲ್ಲುವುದಿಲ್ಲ? ಕ್ರೈಸ್ತರ 1600 ವರ್ಷದ ವಾದ

ನಮಸ್ಕಾರ. ಬೈಬಲ್‌ನ ಹೊಸ ಒಡಂಬಡಿಕೆಯಲ್ಲಿ ಯೋಹಾನನ ಹೆಸರಿನ ಒಂದು ಪುಟ್ಟ ಪತ್ರಿಕೆ, ಅಂದರೆ ಪತ್ರ, ಇದೆ. ಐದೇ ಅಧ್ಯಾಯ. ನಮ್ಮಲ್ಲಿ ಪಾಪ ಇಲ್ಲ ಅಂದರೆ ನಮಗೆ ನಾವೇ ಮೋಸ ಮಾಡಿಕೊಳ್ಳುತ್ತೇವೆ ಎಂದು ಅದರ ಮೊದಲ ಅಧ್ಯಾಯ ಹೇಳುತ್ತದೆ. ಒಂದೆರಡು ಪುಟ ಮುಂದೆ ಹೋಗಿ. ದೇವರಿಂದ ಹುಟ್ಟಿದವನು ಪಾಪ ಮಾಡುವುದಿಲ್ಲ ಅಂತ ಮೂರನೇ ಅಧ್ಯಾಯ ಹೇಳುತ್ತದೆ.

[ಪರದೆ: 1 ಯೋಹಾನ 1:8 ಮತ್ತು 3:9, ಅಕ್ಕಪಕ್ಕ]

ಹಾಗಾದರೆ ವಿಶ್ವಾಸಿಯಾದವನು ಪಾಪ ಮಾಡುವುದನ್ನು ನಿಲ್ಲಿಸಬಹುದಾ? ಈ ಒಂದು ಪ್ರಶ್ನೆಗೆ ಸಭೆಗಳು, ಅಂದರೆ ಚರ್ಚ್‌ಗಳು, ಒಡೆದಿವೆ, ಗೆಳೆಯರು ಮಾತು ಬಿಟ್ಟಿದ್ದಾರೆ.

[ಪರದೆ: ರೋಮ್, ಸುಮಾರು 400]

ಪೆಲಾಜಿಯಸ್ ಬ್ರಿಟನ್ ಕಡೆಯವನು, ರೋಮ್‌ನಲ್ಲಿದ್ದ. ಅಷ್ಟು ಹೊತ್ತಿಗೆ ಸಾಮ್ರಾಜ್ಯವೇ ಕ್ರೈಸ್ತವಾಗಿತ್ತು. ಹೆಸರಿಗೆ ಕ್ರೈಸ್ತರು ಬೇಕಾದಷ್ಟು ಇದ್ದರು, ಬದುಕು ಮಾತ್ರ ಮೊದಲಿನ ಹಾಗೇ. ಇದನ್ನು ಅವನಿಗೆ ಸಹಿಸಲಾಗಲಿಲ್ಲ. ಆಗ ಆಗಸ್ಟೀನ್ ಬರೆದ ಒಂದು ಪ್ರಾರ್ಥನೆ ಕಿವಿಗೆ ಬಿತ್ತು. ಅದರ ಅರ್ಥ ಇಷ್ಟು: ದೇವರೇ, ನೀನು ಹೇಳಿದ್ದನ್ನು ಮಾಡುವ ಶಕ್ತಿಯನ್ನೂ ನೀನೇ ಕೊಡು, ಆಮೇಲೆ ಏನು ಬೇಕಾದರೂ ಹೇಳು. ಪೆಲಾಜಿಯಸ್‌ಗೆ ಸಿಟ್ಟು ಬಂತು. ಎಲ್ಲಾ ದೇವರ ಮೇಲೆ ಹಾಕಿದರೆ ಮನುಷ್ಯನಿಗೆ ಏನು ಜವಾಬ್ದಾರಿ? ಆಗದ ಕೆಲಸವನ್ನು ದೇವರು ಹೇಳುವುದಿಲ್ಲ. ಪಾಪ ಮಾಡಬೇಡ ಅಂದಿದ್ದಾನೆ ಅಂದರೆ ಮಾಡದೆ ಇರಲು ಸಾಧ್ಯ. ಅವನ ವಾದ ಇಷ್ಟೇ.

ಕೇಳಲು ನ್ಯಾಯವಾಗಿಯೇ ಇದೆ, ಅಲ್ವಾ? ಪೆಲಾಜಿಯಸ್‌ನನ್ನು ಸುಮ್ನೆ ಖಳನಾಯಕ ಮಾಡುವವರ ಜೊತೆ ನಾನಿಲ್ಲ.

ಆಗಸ್ಟೀನ್ ಹಿಪ್ಪೋ ಪಟ್ಟಣದ ಬಿಷಪ್. ಇವತ್ತಿನ ಅಲ್ಜೀರಿಯಾದ ಅನ್ನಾಬಾ ಅದು. ಅವನು ಹೇಳಿದ್ದು: ಆಯ್ಕೆ ಮಾಡುವ ಮನಸ್ಸಿಗೇ ರೋಗ ಹಿಡಿದಿದೆ, ಕೃಪೆ ಇಲ್ಲದೆ ಅದು ನೆಟ್ಟಗಾಗುವುದಿಲ್ಲ. 418ರಲ್ಲಿ ಉತ್ತರ ಆಫ್ರಿಕಾದ ಕಾರ್ತೇಜ್‌ನಲ್ಲಿ ಸೇರಿದ ಬಿಷಪ್‌ಗಳು ಆಗಸ್ಟೀನ್ ಕಡೆ ನಿಂತರು. ಅವರ ತೀರ್ಮಾನಗಳಲ್ಲಿ ನನಗೆ ತುಂಬಾ ಹಿಡಿಸಿದ್ದು ಯೇಸು ಕಲಿಸಿದ ಪರಲೋಕ ಪ್ರಾರ್ಥನೆಯ ಬಗ್ಗೆ ಇರುವುದು. 'ನಮ್ಮ ತಪ್ಪುಗಳನ್ನು ಕ್ಷಮಿಸು' ಅಂತ ಸಂತರೂ ಹೇಳುತ್ತಾರೆ. ಅವರು ಅದನ್ನು ವಿನಯಕ್ಕೆ ಹೇಳುತ್ತಾರೆ, ನಿಜವಾಗಿ ಅಲ್ಲ ಅಂತ ಯಾರೂ ವಾದಿಸುವ ಹಾಗಿಲ್ಲ. ಅಂದರೆ ಸಂತ ಕೂಡ ಆ ಸಾಲನ್ನು ತನಗಾಗಿಯೇ ಹೇಳಿಕೊಳ್ಳುತ್ತಿದ್ದಾನೆ.

ಮುಂದೆ, ಪ್ರೊಟೆಸ್ಟಂಟ್ ಸುಧಾರಣೆ ಶುರು ಮಾಡಿದ ಜರ್ಮನಿಯ ಮಾರ್ಟಿನ್ ಲೂಥರ್ ಇದನ್ನು ಇನ್ನೂ ಬಿಗಿ ಮಾಡಿದ. ವಿಶ್ವಾಸಿ ಏಕಕಾಲಕ್ಕೆ ನೀತಿವಂತನೂ ಹೌದು, ಪಾಪಿಯೂ ಹೌದು ಅಂದ. 1517ರ ಅವನ 95 ವಾದಸೂತ್ರಗಳಲ್ಲಿ ಮೊದಲನೆಯದೇ, ವಿಶ್ವಾಸಿಯ ಇಡೀ ಬದುಕು ಪಶ್ಚಾತ್ತಾಪವಾಗಿರಬೇಕು ಅನ್ನುತ್ತದೆ.

ಈಗ ಇಂಗ್ಲೆಂಡಿಗೆ ಬರೋಣ. ಈ ಕಥೆಯ ನಿಜವಾದ ಮಜಾ ಇರುವುದು ಇಲ್ಲಿ.

[ಪರದೆ: ಜಾನ್ ವೆಸ್ಲಿ, 1703–1791]

ಜಾನ್ ವೆಸ್ಲಿ, ಮೆಥಡಿಸ್ಟ್ ಅನ್ನುವ ಕ್ರೈಸ್ತ ಚಳವಳಿ ಕಟ್ಟಿದವನು. ವಿಶ್ವಾಸಿ ಈ ಬದುಕಿನಲ್ಲೇ ಪ್ರೀತಿಯಲ್ಲಿ ಪರಿಪೂರ್ಣನಾಗಬಹುದು ಅಂತ ಬೋಧಿಸಿದ. 1741ರ ಸೆಪ್ಟೆಂಬರ್‌ನಲ್ಲಿ ಲಂಡನ್‌ನ ಒಂದು ತೋಟದಲ್ಲಿ ಅವನಿಗೂ ಮೊರಾವಿಯನ್ ಅನ್ನುವ ಕ್ರೈಸ್ತ ಪಂಗಡದ ನಾಯಕ ಝಿಂಝೆನ್‌ಡಾರ್ಫ್‌ಗೂ ಜೋರು ವಾದ ನಡೆಯಿತು. ಅದೂ ಲ್ಯಾಟಿನ್‌ನಲ್ಲಿ! ನಮ್ಮೊಳಗೆ ಯಾವ ಪರಿಪೂರ್ಣತೆಯೂ ಇಲ್ಲ, ಕ್ರಿಸ್ತನೇ ನಮ್ಮ ಪರಿಪೂರ್ಣತೆ ಅಂತ ಝಿಂಝೆನ್‌ಡಾರ್ಫ್ ವಾದ. ಹಾಗಾದರೆ ವಿಶ್ವಾಸಿ ಪ್ರೀತಿಯಲ್ಲಿ ಬೆಳೆಯುವುದೇ ಇಲ್ಲವಾ ಅಂತ ವೆಸ್ಲಿ ಕೇಳಿದ. ಇಬ್ಬರೂ ಒಪ್ಪಲಿಲ್ಲ.

ವೆಸ್ಲಿಯ ಗುಟ್ಟು ಒಂದಿದೆ. ಗೊತ್ತಿದ್ದೂ ಬೇಕಂತ ದೇವರ ಆಜ್ಞೆ ಮೀರುವುದನ್ನು ಮಾತ್ರ ಅವನು ಸರಿಯಾದ ಅರ್ಥದಲ್ಲಿ ಪಾಪ ಅಂದ. ಮರೆವು, ತಿಳಿಯದೆ ಆದ ತಪ್ಪು, ಎಡವಟ್ಟು ತೀರ್ಮಾನ, ಇವೆಲ್ಲ ಕೊನೆತನಕ ಇರುತ್ತವೆ. ಅವುಗಳ ಕ್ಷಮೆಗೂ ಕ್ರಿಸ್ತನ ರಕ್ತ, ಅಂದರೆ ಅವನ ಶಿಲುಬೆಯ ಬಲಿ, ಬೇಕೇ ಬೇಕು ಅಂದ. ಆದರೆ ಪಾಪದ ಪಟ್ಟಿ ಚಿಕ್ಕದಾಯಿತು, ನೋಡಿ. ಗೆಲ್ಲುವುದು ಸಾಧ್ಯ ಅನಿಸುವುದು ಅದಕ್ಕೇ. ಲೂಥರ್ ಒಳಗಿನ ಆಸೆಯನ್ನೂ ಸೇರಿಸಿ ಪಾಪ ಎಣಿಸುತ್ತಾನೆ, ಹಾಗಾಗಿ ಅವನಿಗೆ ಲೆಕ್ಕ ಯಾವತ್ತೂ ಮುಗಿಯುವುದಿಲ್ಲ. ಇಬ್ಬರ ಅರ್ಧ ಜಗಳ ಇಲ್ಲೇ ಇದೆ ಅಂತ ನನ್ನ ಅನಿಸಿಕೆ.

ಈ ಬೋಧನೆಗೆ ಅಪಾಯವೂ ಇತ್ತು. ಲಂಡನ್ನಿನ ಜಾರ್ಜ್ ಬೆಲ್ ಅನ್ನುವ ಮಾಜಿ ಸೈನಿಕ ತಾನು ಪರಿಪೂರ್ಣ ಅಂದುಕೊಂಡ. 1763ರ ಫೆಬ್ರವರಿ 28ಕ್ಕೆ ಲೋಕ ಮುಗಿಯುತ್ತದೆ ಅಂತ ಸಾರಿದ. ಜನ ಗಾಬರಿಯಾದರು. ಆ ಸಂಜೆ ವೆಸ್ಲಿ ಇದು ಸುಳ್ಳು ಅಂತ ಪ್ರಸಂಗ ಮಾಡಿದ. ಕೆಲವರು ಹೆದರಿ ರಾತ್ರಿಯೆಲ್ಲಾ ಹೊಲಗಳಲ್ಲಿ ಅಲೆದರು. ತಾನು ಮಾತ್ರ ಹತ್ತು ಗಂಟೆಗೆ ಗಾಢ ನಿದ್ದೆಯಲ್ಲಿದ್ದೆ ಅಂತ ದಿನಚರಿಯಲ್ಲಿ ಬರೆದಿದ್ದಾನೆ!

ಇನ್ನು, ಇಷ್ಟೆಲ್ಲ ಬೋಧಿಸಿದ ವೆಸ್ಲಿ ತಾನು ಅಲ್ಲಿಗೆ ತಲುಪಿದ್ದೇನೆ ಅನ್ನಲಿಲ್ಲ. 1767ರಲ್ಲಿ ಪತ್ರಿಕೆಗೆ ಬರೆದ ಪತ್ರದಲ್ಲಿ, ನಾನು ವರ್ಣಿಸಿದ ಮಟ್ಟ ನನಗೇ ಸಿಕ್ಕಿಲ್ಲ ಅಂತ ಒಪ್ಪಿಕೊಂಡ.

ನಮಗೂ ಇದು ತೀರಾ ದೂರದ ಕಥೆಯಲ್ಲ. ಹಳೇ ಮೈಸೂರಿನಲ್ಲಿ ಶಾಲೆ, ಮುದ್ರಣಾಲಯ ನಡೆಸಿದ ವೆಸ್ಲಿಯನ್ ಮಿಷನ್ ಇದೇ ಪರಂಪರೆಯದು. ಬೆಂಗಳೂರಿನ ಹಡ್ಸನ್ ಚರ್ಚ್‌ಗೆ ಆ ಮಿಷನ್‌ನ ಜೋಸಯ್ಯ ಹಡ್ಸನ್ ಹೆಸರಿದೆ. 1947ರಲ್ಲಿ ಆ ಸಭೆಗಳು ಸಿಎಸ್‌ಐ, ಅಂದರೆ ಚರ್ಚ್ ಆಫ್ ಸೌತ್ ಇಂಡಿಯಾ, ಸೇರಿದವು.

ಹಾಗಾದರೆ ಉತ್ತರ? ನನ್ನ ಮಟ್ಟಿಗೆ, ವಿಶ್ವಾಸಿ ಒಳ್ಳೆಯವನಾಗಬಹುದು, ಒಂದೊಂದು ಪಾಪ ನಿಜವಾಗಿಯೂ ಬಿಟ್ಟು ಹೋಗುತ್ತದೆ. ಕುಡಿತ ಬಿಟ್ಟವರು, ಹೊಡೆಯುವುದನ್ನು ನಿಲ್ಲಿಸಿದ ಗಂಡಸರು ಎಷ್ಟೋ ಸಭೆಗಳಲ್ಲಿ ಇದ್ದಾರೆ. ನಾನು ಪಾಪಿ ಏನು ಮಾಡಲಿ ಅನ್ನುವುದು ಅವರ ಮುಂದೆ ಸೋಮಾರಿ ನೆಪ. ಆದರೆ ನನ್ನದು ಪೂರ್ತಿ ಮುಗಿಯಿತು ಅನ್ನುವವನನ್ನು ನಾನು ನಂಬುವುದಿಲ್ಲ. ಅಂಥವನ ಮನೆಯವರನ್ನು ಒಮ್ಮೆ ಕೇಳಬೇಕು.

ವೆಸ್ಲಿಗೂ ಇದು ಗೊತ್ತಿತ್ತು ಅನಿಸುತ್ತದೆ. 1738ರಲ್ಲೇ ಅವನು ಸಣ್ಣ ಸಣ್ಣ ಗುಂಪುಗಳಿಗೆ ನಿಯಮ ಬರೆದ. ಪ್ರತಿ ಸಲ ಸೇರಿದಾಗ ಒಬ್ಬೊಬ್ಬರನ್ನೂ ಕೇಳಬೇಕಿತ್ತು: ಕಳೆದ ಸಲ ಸೇರಿದ ಮೇಲೆ ಗೊತ್ತಿದ್ದೂ ಏನೇನು ಪಾಪ ಮಾಡಿದಿರಿ? ಏನು ಶೋಧನೆ, ಅಂದರೆ ಪಾಪದ ಸೆಳೆತ, ಬಂತು? ಹೇಗೆ ಪಾರಾದಿರಿ? ಇನ್ನೊಂದು ಪ್ರಶ್ನೆಯೂ ಇತ್ತು. ಅವನ ಆ ಚಿಕ್ಕ ಪಟ್ಟಿಯನ್ನು ಮತ್ತೆ ದೊಡ್ಡದು ಮಾಡುವ ಪ್ರಶ್ನೆ ಅದು: ಪಾಪವೋ ಅಲ್ಲವೋ ಅಂತ ನಿಮಗೇ ಅನುಮಾನ ಇರುವ ಯಾವ ಯೋಚನೆ, ಮಾತು, ಕೆಲಸ ನಿಮ್ಮಿಂದ ಆಯಿತು?